ಕೊರಳವರೆಗೆ ಕೆತ್ತಿದ ವಾಹನ

ಸಾನಮಾವು ಕಾಡಿನಂಚಿನ ಆ ಊರಿನಲ್ಲಿ ಗ್ರಾಮದೇವತೆ ಪಟಾಲಮ್ಮನ ಮರದ ವಾಹನವು ಗೆದ್ದಲಿಗೆ ತುತ್ತಾಗಿ ಕುಸಿದ ಮೇಲೆಯೇ, ಅದು ಸಿಂಹವಾಗಿತ್ತೋ ಹುಲಿಯಾಗಿತ್ತೋ ಎಂಬುದು ಯಾರಿಗೂ ತಿಳಿಯದೆಂಬ ಸಂಗತಿ ಬೆಳಕಿಗೆ ಬಂದದ್ದು. ತಲೆಮಾರುಗಳಿಂದ ಸವರಿದ ಎಣ್ಣೆ, ಅರಿಸಿನ, ಕುಂಕುಮಗಳ ಪದರದಡಿಯಲ್ಲಿ ಮೃಗದ ಮುಖ ಎಂದೋ ಮುಚ್ಚಿಹೋಗಿತ್ತು. ಪೂಜೆಯ ಫೋಟೋಗಳನ್ನು ಹುಡುಕಿದರೆ ಅವುಗಳಲ್ಲಿ ಹೂವಿನ ಹಾರಗಳಿದ್ದವೇ ಹೊರತು ಮೃಗವಿರಲಿಲ್ಲ.

ಇದರಿಂದ ಕಷ್ಟಕ್ಕೆ ಸಿಕ್ಕಿದವಳು ಮುನಿಗಂಗಮ್ಮ. ಆಕೆಯ ಮಗಳು ಶ್ಯಾಮಲಾಳಿಗೆ ಜೂಜುವಾಡಿಯ ಸಂಬಂಧ ನಿಶ್ಚಯವಾಗಿತ್ತು. ಆಷಾಢಕ್ಕೆ ಮೊದಲು ಧಾರೆಯಾಗದಿದ್ದರೆ ಬೇರೆ ಕಡೆ ಹೆಣ್ಣು ನೋಡುವುದಾಗಿ ಗಂಡಿನವರು ಹೇಳಿ ಕಳುಹಿಸಿದ್ದರು. ಊರಿನ ಕಟ್ಟಳೆ ಮಾತ್ರ ಸಡಿಲುವಂಥದ್ದಲ್ಲ. ವಾಹನದ ಮೇಲೆ ಕುಳಿತ ಅಮ್ಮನ ಮಡಿಲಲ್ಲಿ ಅರಿಸಿನದ ಕೊಂಬನ್ನಿಟ್ಟು ಅದನ್ನು ಪ್ರಸಾದವಾಗಿ ಪಡೆಯದೆ, ಯಾವ ಮನೆಯವರೂ ಮದುವೆಯ ಚಪ್ಪರಕ್ಕೆ ಕಂಬ ನೆಡುವಂತಿರಲಿಲ್ಲ.

ಕೃಷ್ಣಗಿರಿಯ ಕಡೆಯಿಂದ ಬಂದ ಬಡಗಿ ಕುಮಾರೇಶ್ ಅತ್ತಿಮರದ ದಿಮ್ಮಿಯಲ್ಲಿ ಕೆಲಸ ಹಿಡಿದಿದ್ದ. ಪಂಜ, ಬೆನ್ನು, ಎದೆ ಎರಡು ಮೃಗಗಳಿಗೂ ಒಂದೇ ಆದ್ದರಿಂದ ಅಷ್ಟು ಭಾಗ ಸಲೀಸಾಗಿ ಮುಗಿಯಿತು. ಆಮೇಲೆ ಉಳಿಯನ್ನು ಕೆಳಗಿಟ್ಟು ಕುಳಿತುಬಿಟ್ಟ.

"ಕತ್ತಿನ್ ತಂಕ ಬಂದ್ಬುಟ್ಟಿವ್ನಿ ಸಾಮಿ. ಇನ್ ಉಳಿ ಇಕ್ಬೇಕು ಅಂದ್ರೆ ನೀವು ಒಂದು ಮುಡಿವು ಹೇಳ್ಬೇಕು. ಕೇಸರ ಕೆತ್ಲಾ, ಬುಡ್ಲಾ?"

ಆ ಮುಡಿವನ್ನು, ಎಂದರೆ ತೀರ್ಮಾನವನ್ನು, ಹೇಳುವುದಕ್ಕಾಗಿಯೇ ಅವಲಪಲ್ಲಿಯಿಂದ ರಾಮಮೂರ್ತಿಗಳನ್ನು ಕರೆಸಲಾಗಿತ್ತು. ಪುರಾಣ, ಆಗಮ, ಹಳಗನ್ನಡಗಳಲ್ಲಿ ಮುಳುಗಿದ ವೃದ್ಧರು ಅವರು. ಅವರು ಗುಡಿಯ ಜಗಲಿಗೆ ಬಂದು ಕೂರುವ ಹೊತ್ತಿಗೆ ವಾದವು ವಾಹನವನ್ನು ಬಿಟ್ಟು ಬಹುದೂರ ಸಾಗಿತ್ತು.

"ಸಿಂಹದ್ ಕೂದ್ಲು ಎಲ್ಮೆಟ್ ಇದ್ದಂಗೆ ಮಾವ," ಎನ್ನುತ್ತಿದ್ದ ವೇಣು. ಅವನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು. ಮೊಬೈಲಿನಲ್ಲಿ ಮೃಗಗಳ ಕಾಳಗ ನೋಡುವುದು ಅವನ ಚಟ. "ಹುಲಿ ಕತ್ತಿಗ್ ಬಾಯಾಕಿದ್ರೆ ಬರೀ ಕೂದ್ಲೇ ಸಿಕ್ತದೆ."

ಪೂಜಾರಿ ಮುತ್ತರಾಯಪ್ಪ ನಕ್ಕ. "ನಿನ್ ಸಿಂಹ ಹೆಂಡ್ರು ಬೇಟೆ ಆಡಿ ತಂದಿದ್ನ ತಿಂದ್ಕೊಂಡು ಮನಿಕ್ಕೊತದೆ ಕಣ್ಲಾ. ಹುಲಿ ಹಂಗಲ್ಲ, ಒಬ್ಬಂಟಿ ಜೀವ, ತಾನೇ ದುಡ್ದು ತಿನ್ತದೆ. ಎದುರ್ಗೆ ಬಿಟ್ ನೋಡು, ಒಂದೇಟು."

"ತೂಕದಾಗೆ ಹುಲಿ ದೊಡ್ದು, ಒಪ್ದೆ. ಧೈರ್ಯ ಬ್ಯಾಡ್ವಾ? ಅದು ಪೊದೆ ಹಿಂದ್ಲಿಂದ ಬರೋ ಆಸಾಮಿ."

"ನೀನು ಶಿಫ್ಟ್ ತಪ್ಪಿಸ್ಕೊಂಡು ಹಿಂದ್ಲ ಗೇಟ್‌ನಾಗ್ ಬತ್ತೀಯಲ್ಲ, ಹಂಗಾ?"

ಜಗಲಿಯ ತುಂಬ ನಗೆ ಎದ್ದಿತು. ಮುನಿಗಂಗಮ್ಮ ಮಾತ್ರ ನಗಲಿಲ್ಲ. ಕಂಬಕ್ಕೆ ಒರಗಿ ನಿಂತು ರಾಮಮೂರ್ತಿಗಳ ಮುಖವನ್ನೇ ನೋಡುತ್ತಿದ್ದಳು.

ರಾಮಮೂರ್ತಿಗಳಿಗೆ ಉತ್ತರ ಕಷ್ಟವಾಗಿರಲಿಲ್ಲ. ಹಿಮವಂತನು ದೇವಿಗೆ ಕಾಣಿಕೆಯಾಗಿ ಕೊಟ್ಟದ್ದು ಸಿಂಹವನ್ನು. ಅಷ್ಟು ಹೇಳಿದ್ದರೆ ಊರು ತಲೆಬಾಗುತ್ತಿತ್ತು. ಆದರೂ ಅವರು ಮೊದಲು ಕೇಳಿದರು: "ಮುತ್ತರಾಯಪ್ಪ, ನಿಮಗೆ ಹುಲಿಯೇ ಆಗಬೇಕೆಂದು ಏಕೆ?"

ಮುತ್ತರಾಯಪ್ಪನ ನಗೆ ನಿಂತಿತು. "ನಾವು ಕಾಡ್ ಕಡೆ ಮನೆಯೋರು ಸ್ವಾಮಿ. ಕುರಿಹಟ್ಟಿ ಮುಂದೆ ದೀಪ ಇಟ್ಟು, ತಾಯೀ ನಿನ್ ಹುಲೀನ ಹಿಡ್ಕೊ ಅಂತ ನಮ್ಮಜ್ಜಿ ಕೇಳ್ಕೊತಿದ್ಲು. ಅವ್ಳು ಸಿಂಹ ಏರಿ ಕೂತ್ರೆ ಹುಲೀನ ಹಿಡಿಯೋರ್ಯಾರು?"

ಶಾಸ್ತ್ರವು ಸಿಂಹದ ಪಕ್ಷ, ಈ ನೆಲದ ಭಯವು ಹುಲಿಯ ಪಕ್ಷ. ಒಂದನ್ನು ಹಿಡಿದು ಇನ್ನೊಂದನ್ನು ತಳ್ಳಲು ರಾಮಮೂರ್ತಿಗಳಿಗೆ ಮನಸ್ಸಾಗಲಿಲ್ಲ. "ಅಮ್ಮನನ್ನೇ ಕೇಳೋಣ," ಎಂದರು.

ಮುತ್ತರಾಯಪ್ಪ ಮಿಂದು ಬಂದು, ಒದ್ದೆ ಮಾಡಿದ ಕಣಗಿಲೆಯ ಎಸಳುಗಳನ್ನು ಅಮ್ಮನ ಎರಡೂ ಭುಜಗಳ ಮೇಲೆ ಅಂಟಿಸಿದ. ಯಾವ ಕಡೆಯ ಹೂ ಮೊದಲು ಉದುರುವುದೋ ಅದೇ ಅಪ್ಪಣೆ. ಕೈಮುಗಿದು ಬಿನ್ನವಿಸಿದ: "ತಾಯೀ, ಹುಲಿ ಗೆಲ್ಲೋದಾದ್ರೆ ಬಲಗಡೆ ಕೊಡು. ಸಿಂಹ ಗೆಲ್ಲೋದಾದ್ರೆ ಎಡಗಡೆ ಕೊಡು."

ಎಲ್ಲರೂ ಕಾದರು. ದೀಪಕ್ಕೆ ಮತ್ತೆ ಎಣ್ಣೆ ಎರೆದರು. ಎಸಳುಗಳು ಅಂಟಿದಲ್ಲಿಯೇ ಬಾಡತೊಡಗಿದವು, ಒಂದೂ ಉದುರಲಿಲ್ಲ. ವೇಣು ಮೊಬೈಲನ್ನು ಜೇಬಿಗೆ ಸೇರಿಸಿದ. ಕೊನೆಗೆ ಮುತ್ತರಾಯಪ್ಪ ಹೊರಬಂದು, ಯಾರ ಮುಖವನ್ನೂ ನೋಡದೆ ನುಡಿದ:

"ಅಮ್ಮ ಮುನಿಸ್ಕೊಂಡವ್ಳೆ. ಈ ವರ್ಸ ಮದ್ವೆ ಮಾತು ಬ್ಯಾಡ."

ಮುನಿಗಂಗಮ್ಮ ಕಂಬದ ಬುಡದಲ್ಲಿ ಕುಸಿದು ಕುಳಿತಳು. "ನನ್ ಮಗ್ಳೇನ್ ಮಾಡಿದ್ಲು ಅಣ್ಣ? ನೀವಿಬ್ರು ಹುಲಿ ಸಿಂಹ ಅಂತ ಆಡ್ಕೊಂಡಿದ್ದಕ್ಕೆ ಅವ್ಳ್ ಯಾಕ್ ಮನೇಲಿ ಕೂರ್ಬೇಕು?"

ಆಗ ರಾಮಮೂರ್ತಿಗಳು ಮೆಲ್ಲನೆ ಮಾತೆತ್ತಿದರು.

"ಮುನಿಸಲ್ಲ ಮುತ್ತರಾಯಪ್ಪ. ನಾವು ಅಮ್ಮನನ್ನು ಏನು ಕೇಳಿದೆವು? ಯಾವುದರ ಮೇಲೆ ಕೂರುತ್ತೀಯೆ ಎಂದು ಕೇಳಲೇ ಇಲ್ಲ. ಯಾವುದು ಗೆಲ್ಲುತ್ತದೆ ಎಂದು ಕೇಳಿದೆವು. ತಪೋವನದಲ್ಲಿ ಮೃಗಗಳು ಹುಟ್ಟುಹಗೆಯನ್ನು ಮರೆಯುತ್ತವೆಂದು ಹಿರಿಯರು ಹೇಳುತ್ತಾರೆ. ಅವಳ ಸನ್ನಿಧಿಯಲ್ಲಿ ನಿಂತು ನಾವು ಆ ಹಗೆಯನ್ನು ಅವುಗಳಿಗೆ ನೆನಪು ಮಾಡಿಕೊಟ್ಟೆವು. ಗೆದ್ದ ಮೃಗಕ್ಕೆ ಬೆನ್ನು ಬಾಗಿಸುವ ಅಗತ್ಯವೇನಿದೆ? ಬೆನ್ನು ಬಾಗಿಸಿದ್ದರಿಂದಲ್ಲವೆ ಅದು ವಾಹನವಾದದ್ದು?"

ಅವರು ಎದ್ದು ದಿಮ್ಮಿಯ ಬಳಿಗೆ ಹೋಗಿ, ಕೆತ್ತಿ ಮುಗಿದಿದ್ದ ಬೆನ್ನಿನ ಮೇಲೆ ಅಂಗೈಯಿಟ್ಟರು. "ಅವಳಿಗೆ ಕೂರಲು ಬೇಕಾದದ್ದು ಇದು. ಇದು ಸಿದ್ಧವಾಗಿದೆ."

"ಮುಖ ಇಲ್ದಿದ್ ವಾಹ್ನ ಭಿನ್ನ ಆಗಲ್ವಾ ಸ್ವಾಮಿ?" ಮುತ್ತರಾಯಪ್ಪ ಅಂಜುತ್ತ ಕೇಳಿದ. "ಭಿನ್ನ ಆಗಿದ್ದು ಪೂಜೆಗ್ ಬರಲ್ಲ ಅಂತೀರಲ್ಲ?"

ರಾಮಮೂರ್ತಿಗಳು ಜೀವಮಾನವಿಡೀ ಮೀರದ ನಿಯಮವದು. ಒರಟು ಮರವಾಗಿಯೇ ಉಳಿದಿದ್ದ ತಲೆಯ ಭಾಗವನ್ನು ಬೆರಳಿನಿಂದ ಸವರಿ, ಎಲ್ಲಿಯಾದರೂ ಬಿರುಕಿದೆಯೇ ಎಂದು ಬಾಗಿ ನೋಡಿದರು.

"ಇದ್ದದ್ದು ಒಡೆದರೆ ಭಿನ್ನ," ಎಂದರು. "ಇದರಲ್ಲಿ ಏನೂ ಒಡೆದಿಲ್ಲ. ಮುಖ ಇನ್ನೂ ಬರಬೇಕಾಗಿದೆ, ಅಷ್ಟೆ. ತಪ್ಪಾದರೆ ಆ ತಪ್ಪು ನನ್ನದು. ಆದರೆ ನನ್ನ ಮಾತೇ ಪ್ರಮಾಣವೆನ್ನಬೇಡಿ. ಇನ್ನೊಮ್ಮೆ ಕೇಳಿ. ಈ ಸಲ ಹುಡುಗಿಯ ತಾಯಿ ಕೇಳಲಿ."

ಮುತ್ತರಾಯಪ್ಪ ಹೊಸ ಎಸಳುಗಳನ್ನು ಅಂಟಿಸಿ ಪಕ್ಕಕ್ಕೆ ಸರಿದ. ಮುನಿಗಂಗಮ್ಮ ಹೊಸ್ತಿಲಿನ ಹೊರಗೆ ನಿಂತು ಸೆರಗನ್ನು ಒಡ್ಡಿದಳು.

"ಯಾವ್ ಮುಖನೋ ನಂಗ್ ಗೊತ್ತಿಲ್ಲ ಕಣಮ್ಮ. ಇರೋ ಬೆನ್ ಮೇಲೆ ಕೂತ್ಕೊಂಡು ನನ್ ಮಗೀಗೆ ಅರಿಸ್ನ ಕೊಡ್ತೀನಿ ಅನ್ನೋದಾದ್ರೆ, ಬಲಗಡೆ ಕೊಡು."

ಎಸಳೊಂದು ಅಮ್ಮನ ಬಲತೋಳಿನ ಮೇಲಿಂದ ಜಾರಿ ಪೀಠದ ಮೇಲೆ ಬಿದ್ದಿತು. ಮುತ್ತರಾಯಪ್ಪ ಅದನ್ನು ಎರಡೂ ಕೈಗಳಲ್ಲಿ ತಂದು ಆಕೆಯ ಸೆರಗಿಗೆ ಹಾಕಿದ. ಅವನ ಕಣ್ಣುಗಳು ತುಂಬಿದ್ದವು. ವೇಣು ದಿಮ್ಮಿಯ ಒಂದು ತುದಿಗೆ ಹೆಗಲು ಕೊಟ್ಟು, "ಬಾ ಮಾವ, ಎತ್ತಾನ," ಎಂದು ಅವನನ್ನು ಕರೆದ.

ಅಂದು ಗೋಧೂಳಿಯಲ್ಲಿ ಅಮ್ಮನನ್ನು ಆ ಬೆನ್ನಿನ ಮೇಲೆ ಕೂರಿಸಿದರು. ಅರಿಸಿನದ ಕೊಂಬನ್ನು ಪಡೆದು ಹೊರಬಂದ ಮುನಿಗಂಗಮ್ಮ ಅಂಗಳದಿಂದಲೇ ಜೂಜುವಾಡಿಗೆ ಫೋನು ಮಾಡಿದಳು. ಗಂಡಿನ ತಂದೆ ಮೊದಲು ಕೇಳಿದ್ದು, ಕೊನೆಗೆ ಹುಲಿಯೆಂದಾಯಿತೋ ಸಿಂಹವೆಂದಾಯಿತೋ ಎಂದು.

"ಅದ್ನ ಅಮ್ಮ ನೋಡ್ಕೊತಾಳೆ ಬೀಗ್ರೆ," ಎಂದಳು ಮುನಿಗಂಗಮ್ಮ. "ನೀವು ದಿನ ಹೇಳಿ."