ಅಗಿಯಬಾರದ ತುತ್ತು

ಲಿಫ್ಟಿನ ಮುಂದೆ ನಿಂತು ಸಂಧ್ಯಾರಾಣಿ ಮೂರನೆಯ ಸಲ ಹೇಳಿದಳು: "ತಲಿನೋವು ಅಂತ ಹೇಳಿಬಿಡೂಣಲ್ರಿ. ಹೋಗೂದ ಬ್ಯಾಡ."

"ಎರಡು ಮಹಡಿ ಇಳಿಯಕ್ಕೆ ಇಷ್ಟೊಂದಾ? ಕರ್ದವ್ರೆ, ಉಂಡು ಬರಾಣ ಬಾ" ಎಂದ ರಾಘವ್. ಮಂಡ್ಯದ ಕಡೆಯವನು, ಊಟವೆಂದರೆ ಅವನಿಗೆ ಯೋಚಿಸುವ ವಿಷಯವೇ ಅಲ್ಲ.

ಯೋಚನೆಯೆಲ್ಲ ಅವಳದು. ಹೊರದೇಶದ ವೆಸ್ಟ್‌ಮೀಡ್‌ನ ಈ ಬಾಡಿಗೆ ಫ್ಲಾಟಿನಲ್ಲಿ ಕೂತು ಅವಳು ಪ್ರವಾಸದ ಇಂಗ್ಲಿಷ್ ವೆಬ್‌ಸೈಟೊಂದಕ್ಕೆ ಬರೆಯುತ್ತಿದ್ದಳು. ಕಾಣದ ಊರನ್ನು ಕಂಡಂತೆ, 'ನಾನು' ಎಂದೇ ಬರೆಯಬೇಕೆಂಬುದು ಅಲ್ಲಿಯ ಕರಾರು. ಹೋದ ತಿಂಗಳು ಘಾನಾದ ರಾಜಧಾನಿ ಅಕ್ರಾದ ಸರದಿ. ಜೇಮ್ಸ್‌ಟೌನಿನ ದೀಪಸ್ತಂಭ ಹತ್ತಿದಳು, ಒಸುವಿನ ಬೀದಿಯಲ್ಲಿ ಹಾಡು ಕೇಳಿದಳು, ಲಾಬಾದಿಯ ಕಡಲ ದಂಡೆಯಲ್ಲಿ ಬೆಳಗಾಗುವ ತನಕ ಕುಣಿದಳು, ಶೇಂಗಾ ಸಾರಿನಲ್ಲಿ ಫುಫು ಎಂಬ ಉಂಡೆ ಉಂಡಳು. ಎಲ್ಲ ಕುರ್ಚಿ ಬಿಟ್ಟೇಳದೆ. ಅದನ್ನು ಕೆಳಗಿನ ಮನೆಯ ನರ್ಸ್ ಎಫುವಾ ಓದಿಬಿಟ್ಟಳು. ಅವಳು ಅಕ್ರಾದವಳು, ಹನ್ನೊಂದು ವರ್ಷದಿಂದ ಊರ ಕಡೆ ಹೋಗದವಳು. ಸಂಧ್ಯಾರಾಣಿ ಜ್ವರದಲ್ಲಿ ಮಲಗಿದ್ದಾಗ ಗಂಜಿ ತಂದುಕೊಟ್ಟವಳು. ಈ ಕಟ್ಟಡದಲ್ಲಿ ಇವಳಿಗಿದ್ದ ಒಬ್ಬಳೇ ಗೆಳತಿ.

ಎಫುವಾ ಕಾರ್ ಪಾರ್ಕಿನಲ್ಲಿ ಇವಳ ಕೈ ಹಿಡಿದು ಕೇಳಿದ್ದಳು: "ಲಾಬಾದಿಗೆ ಹೋಗುವ ತಿರುವಿನಲ್ಲಿ ಒಂದು ಬೇವಿನ ಮರ. ಅದರ ಕೆಳಗೆ ನಮ್ಮಮ್ಮ ಅಂಗಡಿ ಇಡುತ್ತಿದ್ದಳು. ಇನ್ನೂ ಇದೆಯಾ?"

ಆ ಮುಖ ನೋಡಿ ಗೊತ್ತಿಲ್ಲ ಎನ್ನಲು ಸಂಧ್ಯಾರಾಣಿಗೆ ಬಾಯಿ ಬರಲಿಲ್ಲ. "ಇದೆ. ಹೂ ಬಿಟ್ಟಿತ್ತು, ನೆಲವೆಲ್ಲ ಬೆಳ್ಳಗಾಗಿತ್ತು" ಎಂದುಬಿಟ್ಟಳು. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕೆನ್ನುತ್ತಾರೆ. ಅವಳಿಗೆ ಆ ಒಂದೇ ಸಾಕಾಯಿತು. ಮೂರು ವಾರದಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಇವತ್ತು ಊಟಕ್ಕೆ ಕರೆದಿದ್ದ ಎಫುವಾಳ ಮೇಜಿನ ಮೇಲೆ ಚಮಚಗಳಿರಲಿಲ್ಲ, ಕೈ ತೊಳೆಯಲು ಬೋಗುಣಿಯಲ್ಲಿ ನೀರಿತ್ತು. ತಟ್ಟೆಯ ನಡುವೆ ನುಣ್ಣನೆಯ ಬಿಳಿ ಉಂಡೆ, ಸುತ್ತ ಶೇಂಗಾ ಸಾರು. "ಮಾಂಸ ಹಾಕಿಲ್ಲ. ನೀನು ಅಲ್ಲಿ ಉಂಡ ಹಾಗೆಯೇ ಮಾಡಿದ್ದೇನೆ" ಎಂದು ಎದುರಿಗೆ ಕೂತಳು.

ರಾಘವ್ ಉಂಡೆ ಮುರಿದ, ಸಾರಿನಲ್ಲಿ ಹೊರಳಿಸಿದ, ನುಂಗಿದ. ಮುದ್ದೆ ಉಂಡ ಗಂಟಲು, ಕೇಳಬೇಕೆ. ಸಂಧ್ಯಾರಾಣಿ ಧಾರವಾಡದವಳು, ಜೋಳದ ರೊಟ್ಟಿ ತಿಂದು ಬೆಳೆದವಳು. ಮದುವೆಯಾಗಿ ಏಳು ವರ್ಷವಾದರೂ ಗಂಡನ ಮುದ್ದೆಯನ್ನು ಮುಟ್ಟಿರಲಿಲ್ಲ. ತುತ್ತನ್ನು ಬಾಯಿಗಿಟ್ಟು ಅಗಿದಳು. ಹಲ್ಲಿಗೆ ಅಂಟಿತು. ಮತ್ತೆ ಅಗಿದಳು.

ಎಫುವಾ ಉಣ್ಣುವುದನ್ನು ನಿಲ್ಲಿಸಿ ರಾಘವನ ಕಡೆ ತಿರುಗಿದಳು. "ನೀನೂ ಹೋಗಿದ್ದೆಯಾ ಅಕ್ರಾಗೆ?"

"ನಾನಾ? ಇಲ್ಲ. ನಮ್ಮೂರಲ್ಲೂ ಇಂಥದೊಂದಿದೆ, ಹೀಗೇ ನುಂಗುತ್ತೇವೆ."

"ಅಲ್ಲಿ ಯಾರೂ ಅಗಿಯುವುದಿಲ್ಲ" ಎಂದು ಎಫುವಾ ಮೆಲ್ಲಗೆ ಸಂಧ್ಯಾರಾಣಿಗೆ ಹೇಳಿದಳು. "ಹೊಸಬರು ಅಗಿದರೆ ಪಕ್ಕದವರು ನಕ್ಕು ಹೇಳಿಕೊಡುತ್ತಾರೆ. ನಿನಗೆ ಯಾರೂ ಹೇಳಲಿಲ್ಲವಾ?"

ಬಾಯಲ್ಲಿದ್ದುದನ್ನು ಹೇಗೋ ಒಳಗಿಳಿಸಿ ಸಂಧ್ಯಾರಾಣಿ ಹೇಳಿದಳು: "ನಾನು ಅಲ್ಲಿಗೆ ಹೋಗಿಲ್ಲ, ಎಫುವಾ."

"ಮರ?"

"ಅದು ಧಾರವಾಡದ್ದು. ನಮ್ಮ ಮನೆ ಮುಂದಿನದು."

ಎಫುವಾ ಎದ್ದು ಒಳಗೆ ಹೋದಳು. ಡ್ರಾಯರ್ ಎಳೆದ ಸದ್ದಾಯಿತು. ಹೊರಗಿನವರಿಗೆ ಕೊಡುವ ಹಾಗೆ ಒಂದು ಚಮಚ ತಂದು ಸಂಧ್ಯಾರಾಣಿಯ ತಟ್ಟೆಯ ಪಕ್ಕದಲ್ಲಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಮತ್ತೆ ತನ್ನ ಜಾಗದಲ್ಲಿ ಕೂತು ಎಫುವಾ ಕೇಳಿದಳು: "ಆ ಮರವಾದರೂ ಇದೆಯಾ?"

ರಸ್ತೆ ಅಗಲ ಮಾಡುತ್ತಾರಂತೆ, ಮರಕ್ಕೆ ಗುರುತು ಹಾಕಿ ಹೋಗಿದ್ದಾರೆ ಎಂದು ಊರಿನಿಂದ ತಮ್ಮ ಫೋನ್ ಮಾಡಿ ಹೇಳಿ ಎರಡು ವರ್ಷವಾಗಿತ್ತು. ಆಮೇಲೆ ಏನಾಯಿತೆಂದು ಅವನು ಹೇಳಲಿಲ್ಲ.

"ನಾನು ಕೇಳಿಲ್ಲ" ಎಂದಳು ಸಂಧ್ಯಾರಾಣಿ.

ಚಮಚವನ್ನು ಅತ್ತ ಸರಿಸಿ, ಉಂಡೆಯಿಂದ ಚಿಕ್ಕದೊಂದು ತುಣುಕು ಮುರಿದು ಸಾರಿನಲ್ಲಿ ಅದ್ದಿದಳು. ಹಲ್ಲು ತಾಗಿಸದೆ ನುಂಗಿದಳು. ಅದು ಗಂಟಲಲ್ಲಿ ನಿಧಾನವಾಗಿ ಇಳಿಯಿತು. ಎಫುವಾ ನೋಡುತ್ತಿದ್ದಳು.