ಏನಿಲ್ಲಣ್ಣನ ಕಪ್ಪು ಗಾಜು

ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತವರು ನಡೆಯುವ ಹಾಗೆ, ಕೊಡವೇ ಇಲ್ಲದೆ, ನಡೆಯುತ್ತಿದ್ದ ಮನುಷ್ಯ ಅವನು. ಕತ್ತು ಅಲುಗದು, ಭುಜ ಅಲುಗದು. ಹಿಂದಿನಿಂದ ಯಾರಾದರೂ ಕೂಗಿದರೆ ತಲೆಯನ್ನು ತಿರುಗಿಸದೆ, ಇಕ್ಕಟ್ಟಾದ ಬೀದಿಯಲ್ಲಿ ಲಾರಿ ತಿರುಗಿಸುವಂತೆ ಇಡೀ ಶರೀರವನ್ನೇ ಹಿಂದೆಮುಂದೆ ಮಾಡಿ ತಿರುಗಿಸಿ ನಿಲ್ಲುವನು. ಸೊಂಟದಿಂದ ಮೇಲೆ ಇಷ್ಟು ಸ್ಥಿತಪ್ರಜ್ಞ. ಸೊಂಟದಿಂದ ಕೆಳಗೆ ಮಾತ್ರ ಒಂದು ಗಳಿಗೆ ನೆಮ್ಮದಿಯಿಲ್ಲ. ನಿಂತಲ್ಲೇ ಕಾಲು ಬದಲಿಸುವುದು, ಬೂಟಿನ ಮೂತಿಯಿಂದ ನೆಲ ಕೆರೆಯುವುದು, ಎರಡು ಹೆಜ್ಜೆ ಅತ್ತ ಹೋಗಿ ಏನೋ ಮರೆತವನಂತೆ ಇತ್ತ ಬರುವುದು. ಬಿಸಿ ತಗಡಿನ ಮೇಲೆ ನಿಲ್ಲಿಸಿದ ವಿಗ್ರಹ ಎಂದರೆ ಸರಿಹೋದೀತು. ಏನಾಯ್ತೋ ಎಂದು ಕೇಳಿದರೆ ಉತ್ತರ ಸದಾ ಒಂದೇ: “ಏನಿಲ್ಲ ಬಿಡು.” ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನಕ್ಕೆ ಮಾತ್ರ ಉಳಿದು, ಮಿಕ್ಕ ದಿನಗಳಿಗೆಲ್ಲ ಅವನು ಏನಿಲ್ಲಣ್ಣನಾಗಿದ್ದ.

ಬಾಯ್ಲರ್ ಕಾರ್ಖಾನೆಯಲ್ಲಿ ಅವನು ವೆಲ್ಡರು, ನಾನು ಅವನ ಫಿಟ್ಟರು. ದಪ್ಪ ತಗಡುಗಳನ್ನು ಒಂದಕ್ಕೊಂದು ಜೋಡಿಸಿ ಹಿಡಿಯುವುದು ನನ್ನ ಪಾಲು, ಬೆಸೆಯುವುದು ಅವನ ಪಾಲು. ಈ ದಾಂಪತ್ಯದಲ್ಲಿ ಜಗಳ ಬೇಕಾದಷ್ಟಿತ್ತು, ವಿಚ್ಛೇದನದ ಮಾತಿರಲಿಲ್ಲ. ಅವನ ಚರ್ಮದ ಕೋಟು ಕಿಡಿ ಬಿದ್ದು ಬಿದ್ದು ಸಿಡುಬಿನ ಮುಖವಾಗಿತ್ತು. ಬೇಸಗೆಯಲ್ಲೂ ಅದರ ಮೇಲಿನ ಗುಂಡಿ ಬಿಚ್ಚಿದ್ದನ್ನು ಕಂಡವರಿಲ್ಲ.

ವೆಲ್ಡರುಗಳಿಗೆ ಒಂದು ತಲೆಯಾಡಿಕೆಯುಂಟು. ಎರಡು ಕೈಯಲ್ಲೂ ಕೆಲಸವಿರುವುದರಿಂದ, ಹಣೆಯ ಮೇಲೆ ಎತ್ತಿಟ್ಟ ಮುಖವಾಡವನ್ನು ಕತ್ತಿನ ಒಂದೇ ಕುಕ್ಕಿನಿಂದ ಮುಖದ ಮೇಲೆ ಬೀಳಿಸಿಕೊಳ್ಳುತ್ತಾರೆ. ವರ್ಷಾನುವರ್ಷ ಹೀಗೆ ಕುಕ್ಕಿದ ಕತ್ತು ಮುಖವಾಡ ಇಲ್ಲದಾಗಲೂ ಸುಮ್ಮನಿರುವುದಿಲ್ಲ; ಬೇರೆ ಯಾತಕ್ಕೂ ಅಲುಗದ ಅವನ ಕತ್ತೂ ಇದೊಂದಕ್ಕೆ ಅಲುಗುತ್ತಿತ್ತು. ಅವನ ಹೆಂಡತಿ ಬಸ್ಸಿನ ಕಂಡಕ್ಟರು. ಅವಳು ಹೇಳುವ ಪ್ರಕಾರ ಅವರ ಪರಿಚಯವಾದದ್ದೇ ಈ ಕುಕ್ಕಿನಿಂದ: “ಪಾಸ್ ಇದೆಯಾ ಅಂದೆ, ಗಂಭೀರವಾಗಿ ತಲೆ ಆಡಿಸಿದ್ರು. ತೋರ್ಸಿ ಅಂದ್ರೆ ಪಾಸೂ ಇಲ್ಲ, ಟಿಕೆಟ್ಟೂ ಇಲ್ಲ. ಕೆಳಗೆ ಇಳಿಸ್ಬೇಕಿತ್ತು, ಬುದ್ಧಿಗೆಟ್ಟು ಮನೆಗೇ ಕರ್ಕೊಂಡು ಬಂದೆ.” ಅಂಥ ಕತ್ತು ಒಂದು ದಿನ ಕುಕ್ಕುವುದನ್ನು ನಿಲ್ಲಿಸಿತು. ಏನಿಲ್ಲಣ್ಣ ಮುಖವಾಡವನ್ನು ಕೈಯಿಂದ, ನಿದ್ದೆಹೋದ ಮಗುವಿಗೆ ಹೊದಿಕೆ ಎಳೆಯುವಷ್ಟು ನಿಧಾನವಾಗಿ ಇಳಿಸತೊಡಗಿದ.

ಆಗಿದ್ದಿಷ್ಟು. ಒಂದು ಮಧ್ಯಾಹ್ನ ಬಾಯ್ಲರಿನ ಹೊಟ್ಟೆಯೊಳಗೆ ಕೂತು ಬೆಸೆಯುತ್ತಿದ್ದವನು ಮುಖವಾಡ ಎತ್ತಿ ನನ್ನ ಕಡೆ ನೋಡಿದಾಗ ನನ್ನ ಎಡಗೆನ್ನೆ ಅವನಿಗೆ ಕಾಣಿಸಲಿಲ್ಲ. ಕೆನ್ನೆಯಿದ್ದ ಜಾಗದಲ್ಲಿ ಗರಗಸದ ಹಲ್ಲಿನಂಥ ಒಂದು ಬೆಳಕಿನ ಗೆರೆ ಮಿಣಮಿಣನೆ ನಡುಗುತ್ತ, ಬಾಗುತ್ತ, ದೊಡ್ಡದಾಗುತ್ತ ಬಂದಿತಂತೆ. ಸ್ವಲ್ಪ ಹೊತ್ತಿಗೆ ಬೆಳಕು ಹೋಯಿತು; ಅದು ಬಿಟ್ಟುಹೋದ ಜಾಗಕ್ಕೆ ನೋವು ಬಂತು. ತಲೆಯ ಬಲಗಡೆಗೆ ಒಳಗಿನಿಂದ ಸುತ್ತಿಗೆಯ ಪೆಟ್ಟು, ವಾಂತಿ, ಸಣ್ಣ ಸದ್ದು ಕೇಳಿದರೂ ಸಾಯುವ ಸಂಕಟ. ಬಾಯ್ಲರು ಕಾರ್ಖಾನೆಯಲ್ಲಿ ಸದ್ದಿಗೇನು ಬರ! ಹೊರಗೆ ತಗಡು ಬಡಿಯುವವರನ್ನೆಲ್ಲ ಬಾಯಿಗೆ ಬಂದಂತೆ ಬೈದು ನಿಲ್ಲಿಸಿ ನಾನು ಅವನನ್ನು ಹೊರಗೆಳೆದೆ.

“ಆರ್ಕ್ ಹೊಡೆದಿದೆ. ಏನಿಲ್ಲ ಬಿಡು” ಎಂದ.

ಬೆಸುಗೆಯ ಬೆಳಕು ಬರಿಗಣ್ಣಿಗೆ ತಾಗಿದರೆ ಕಣ್ಣೊಳಗೆ ಮರಳು ಸುರಿದಂತಾಗಿ ನೀರು ಹರಿಯುತ್ತದೆ; ಅದು ವೆಲ್ಡರುಗಳಿಗೆಲ್ಲ ಗೊತ್ತಿರುವ, ಮನೆಯವರ ಹಾಗೆ ಪರಿಚಯವಿರುವ ರೋಗ. ಇದು ಅದಾಗಿರಲಿಲ್ಲ. ಮರಳಿಲ್ಲ, ನೀರಿಲ್ಲ. ಆದರೆ ಕಸುಬಿನ ಹೊರಗಿನ ಕಾಯಿಲೆಯೊಂದು ತನಗೆ ಬರಬಹುದೆಂದು ಒಪ್ಪುವ ಪೈಕಿಯವನಲ್ಲ ಅವನು. ಬೆಳಕಿನಿಂದ ಬಂದದ್ದಕ್ಕೆ ಕತ್ತಲೆಯೇ ಮದ್ದೆಂದು ತೀರ್ಮಾನಿಸಿ, ಮುಖವಾಡದ ಗಾಜನ್ನು ಬದಲಿಸಿದ. ಆ ಗಾಜಿಗೆ ನಂಬರುಗಳಿರುತ್ತವೆ, ನಂಬರು ಏರಿದಂತೆ ಕಪ್ಪು ಏರುತ್ತದೆ. ಪ್ರತಿ ಸಲ ನೋವು ಬಂದಾಗಲೂ ಒಂದು ನಂಬರು ಮೇಲೇರುತ್ತ ಏರುತ್ತ, ಕೊನೆಗೆ ನಮ್ಮಲ್ಲಿದ್ದ ಅತಿ ಕಪ್ಪಿನ ಗಾಜಿಗೆ ಬಂದು ಮುಟ್ಟಿದ. ನಾನೊಮ್ಮೆ ಅದನ್ನು ಕಣ್ಣಿಗೆ ಹಿಡಿದು ನೋಡಿದೆ. ಒಳಗೆ ಕಿಡಿಯೊಂದು ಬೂದಿ ಮುಚ್ಚಿದ ಕೆಂಡದ ಹಾಗೆ ಕಂಡಿತೇ ವಿನಾ, ಬೆಸೆಯಬೇಕಾದ ಸಂದು ಕಾಣಲಿಲ್ಲ. ಇವನು ಬೆಸೆಯುತ್ತಿದ್ದುದು ಅಂದಾಜಿನ ಮೇಲೆ.

“ಕುರುಡ ದಾರ ಪೋಣಿಸಿದ ಹಾಗೆ ಮಾಡ್ತಿದೀಯಲ್ಲೋ! ಡಾಕ್ಟರ ಹತ್ರ ಹೋಗೋಕೆ ನಿನಗೇನು ಧಾಡಿ?”

“ಕೈಗೆ ಗೊತ್ತು. ಕಣ್ಣು ಬೇಕಾಗಿಲ್ಲ.”

“ಕೈಗೆ ಕನ್ನಡಕ ಹಾಕ್ಸೋಣ ಬಾ ಹಾಗಾದ್ರೆ.”

ಜೊತೆಗೆ ಮಾತ್ರೆ. ಕಾರ್ಖಾನೆಯ ಎದುರಿನ ಔಷಧದಂಗಡಿಯವನು ಇವನು ರಸ್ತೆ ದಾಟುವುದನ್ನು ಕಂಡೇ ಡಬ್ಬಿ ತೆಗೆಯುತ್ತಿದ್ದ. ಮೊದಮೊದಲು ನೋವು ಬಂದಾಗ, ಆಮೇಲೆ ನೋವು ಬರುತ್ತದೇನೋ ಎಂದು, ಕೊನೆಗೆ ಬೆಳಗೆದ್ದ ಕೂಡಲೇ. ಬೆಸುಗೆಯ ರಾಡುಗಳ ಪೆಟ್ಟಿಗೆಯಲ್ಲಿ ರಾಡಿಗಿಂತ ಮಾತ್ರೆಯ ಹಾಳೆಗಳೇ ಹೆಚ್ಚಾದವು. ನೋವು ಮಾತ್ರ ಕಡಿಮೆಯಾಗದೆ, ಮೊದಲು ನೆಂಟನಂತೆ ಬಂದು ಹೋಗುತ್ತಿದ್ದದ್ದು ಈಗ ಹಾಸಿಗೆ ಬಿಚ್ಚಿ ಮನೆಯಲ್ಲೇ ಉಳಿಯಿತು.

ಅವನ ಭಯ ಏನೆಂದು ನನಗೆ ತಿಳಿದಿತ್ತು. ಹಿಂದೆ ನಮ್ಮಲ್ಲೊಬ್ಬ ಹಿರಿಯ ವೆಲ್ಡರನ ಕಣ್ಣು ಮಂಜಾಯಿತೆಂದು ಅವನನ್ನು ಗೇಟಿನಲ್ಲಿ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸುವ ಕೆಲಸಕ್ಕೆ ಹಾಕಿದ್ದರು. ಆ ಮುದುಕ ಎರಡು ಸೈಕಲ್ಲುಗಳ ಚಕ್ರ ಒಂದಕ್ಕೊಂದು ತಾಗಿದ ಕಡೆ ಬೆರಳಿಟ್ಟು ಸವರುತ್ತ ನಿಲ್ಲುವುದನ್ನು ಏನಿಲ್ಲಣ್ಣ ದಿನವೂ ನೋಡಿದ್ದ. ಡಾಕ್ಟರು ಕಣ್ಣು ಹೋಗಿದೆ ಎಂದರೆ ತನಗೂ ಸೈಕಲ್ಲೇ ಗತಿ. ತಲೆಯೊಳಗೆ ಗಡ್ಡೆಯಿದೆ ಎಂದರಂತೂ ಅದೂ ಇಲ್ಲ. ಬೆಸೆದದ್ದನ್ನೆಲ್ಲ ಒಳಗೆ ಬಿರುಕಿದೆಯೇ ಎಂದು ಎಕ್ಸ್‌ರೇ ಹಿಡಿಸಿ ನೋಡಬೇಕೆಂದು ಹಟ ಹಿಡಿಯುತ್ತಿದ್ದ ಮನುಷ್ಯ ತನ್ನ ತಲೆಯನ್ನು ಮಾತ್ರ ಯಾರಿಗೂ ತೋರಿಸಲೊಲ್ಲ.

ಕೊನೆಗೆ ಬಂತು ಆ ದಿನ. ಅವನು ಬೆಸೆದ ಒಂದು ಸಂದಿನ ಎಕ್ಸ್‌ರೇ ಚಿತ್ರದಲ್ಲಿ ಉದ್ದಕ್ಕೂ ಕಪ್ಪು ಗೆರೆ. ಬೆಸುಗೆ ಸಂದಿನ ಪಕ್ಕದಲ್ಲಿ ಸಾಗಿಹೋಗಿ, ಸಂದು ಹಾಗೇ ಬಾಯಿ ಬಿಟ್ಟುಕೊಂಡಿತ್ತು. ಅವನ ಜನ್ಮದಲ್ಲಿ ಅದು ಮೊದಲು. ತಾನೇ ಗ್ರೈಂಡರ್ ಹಿಡಿದು ತನ್ನ ಬೆಸುಗೆಯನ್ನು ತಾನೇ ಕೆತ್ತಿ ಎಸೆಯುತ್ತಿದ್ದವನು ನಡುವೆ ನಿಲ್ಲಿಸಿ, ನನ್ನತ್ತ ಕೈ ಚಾಚಿ, “ಆ ಕಿಟಕಿ ಕೊಡು” ಎಂದ.

“ಏನು?”

“ಕಿಟಕಿ ಕಣೋ. ಕಿಟಕಿ!” ಸುತ್ತಿಗೆಯನ್ನು ತೋರಿಸುತ್ತಿದ್ದ.

ಪಕ್ಕದವರು ನಕ್ಕರು. ಅವನು ಮತ್ತೆ ಬಾಯಿ ತೆರೆದ. ಈ ಸಲ ಬಂದದ್ದು ಯಾವ ಮಾತೂ ಅಲ್ಲದ ಶಬ್ದ. ತನ್ನ ಬಾಯಿಂದ ಏನು ಬರುತ್ತಿದೆಯೆಂದು ಅವನಿಗೇ ಕೇಳಿಸುತ್ತಿತ್ತು. ಆ ಮುಖವನ್ನು ನೋಡಿದ ಮೇಲೆ ಯಾರೂ ನಗಲಿಲ್ಲ.

ಆಸ್ಪತ್ರೆಯ ದಾರಿಯಲ್ಲೇ ಮಾತು ಮರಳಿತು, ಅದರ ಹಿಂದೆಯೇ ನೋವು ಬಂತು. ಹೊರಗಿನ ಕೋಣೆಯಲ್ಲಿ ಒಂದು ಟ್ಯೂಬ್‌ಲೈಟು ಸಾಯಲೂ ಒಲ್ಲದೆ ಬದುಕಲೂ ಒಲ್ಲದೆ ಮಿಟುಕುತ್ತಿತ್ತು. ಏನಿಲ್ಲಣ್ಣ ಎರಡು ಸುತ್ತು ನಡೆದ, ಗೋಡೆಗೆ ಹಣೆ ಹಚ್ಚಿದ, ಕೂತ, ಎದ್ದ. ಕೊನೆಗೆ ಕಂಕುಳಲ್ಲಿ ತಂದಿದ್ದ ಮುಖವಾಡವನ್ನು ತಲೆಗೇರಿಸಿ ಕೆಳಗಿಳಿಸಿ ಬೆಂಚಿನ ಮೇಲೆ ಕೂತುಬಿಟ್ಟ. ಪಕ್ಕದಲ್ಲಿದ್ದ ಮುದುಕಿ ತನ್ನ ಚೀಲ ತೆಗೆದುಕೊಂಡು ಆಚೆ ಬೆಂಚಿಗೆ ಹೋದಳು. ನರ್ಸಮ್ಮ ಬಂದು, “ಬಾಗಿಲು ರಿಪೇರಿ ನಾಳೆ ಅಂದಿದ್ರಲ್ಲ?” ಎಂದಳು. ಆಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಹೆಂಡತಿ ಡ್ಯೂಟಿಯ ಮಧ್ಯದಲ್ಲೇ, ಟಿಕೆಟ್ಟಿನ ಚೀಲ ಹೆಗಲಲ್ಲೇ ಇಟ್ಟುಕೊಂಡು ಬಂದಳು. ಅವನಿಗೆ ಸದ್ದು ತಡೆಯಲಾಗದೆಂದು ಮೆಲ್ಲಗೆ ಮಾತಾಡಲು ಹೋದಳು. ಇಪ್ಪತ್ತು ವರ್ಷ ಬಸ್ಸಿನಲ್ಲಿ ಕೂಗಿದ ಗಂಟಲು ಮೆಲ್ಲಗಾಗುವುದನ್ನು ಮರೆತಿತ್ತು. ಕೂಡಲೇ ಬಾಯಿ ಮುಚ್ಚಿಕೊಂಡು, ಒಳಗೆ ಕರೆದಾಗ, ಅವನ ಬೆನ್ನಿಗೆ ಎರಡು ಸಲ ತಟ್ಟಿದಳು. ಬಸ್ಸು ಹೊರಡಲು ತಟ್ಟುವ ಹಾಗೆ. ಅವನೂ ಹೊರಟ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ದೀಪ ಆರಿಸಿ, ಅವಸರಪಡದೆ ಎಲ್ಲ ಕೇಳಿದಳು. ಪೆನ್ನಿನ ತುದಿಯನ್ನೇ ನೋಡುವಂತೆ ಹೇಳಿದಳು, ಮೊಣಕಾಲಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದಳು.

“ಆ ಬೆಳಕು ಬಂದಾಗ ಕಣ್ಣು ಮುಚ್ಚಿದ್ರೆ ಹೋಗುತ್ತಾ?”

“ಇಲ್ಲ.”

“ಮುಚ್ಚಿದ್ರೂ ಕಾಣುತ್ತೆ?”

“ಇನ್ನೂ ಚೆನ್ನಾಗಿ ಕಾಣುತ್ತೆ.”

“ಮತ್ತೆ ಗಾಜು ಎಷ್ಟು ಕಪ್ಪಾದ್ರೇನು ಬಂತು? ಬೆಳಕು ಗಾಜಿನ ಆಚೆ ಇಲ್ಲ. ಈಚೆ ಇದೆ.”

ಏನಿಲ್ಲಣ್ಣ ಮುಖವಾಡವನ್ನು ಮಡಿಲಲ್ಲಿ ತಿರುಗಿಸಿ ಅದರ ಒಳಮೈಯನ್ನು ನೋಡುತ್ತ ಕೂತ. ಅಷ್ಟು ತಿಂಗಳು ಅವನು ಹೊರಗಿನ ಬಾಗಿಲಿಗೆ ಬೀಗದ ಮೇಲೆ ಬೀಗ ಹಾಕಿದ್ದ. ಕಳ್ಳ ಒಳಗೇ ಕೂತಿದ್ದ.

ಮಾತು ತಪ್ಪಿದ್ದರಿಂದ ತಲೆಯ ಸ್ಕ್ಯಾನ್ ಆಗಲೇಬೇಕೆಂದಳು. ಆ ಕೊಳವೆಯೊಳಗೆ ಹೋಗುವ ಮುಂಚೆ ಅವನು ನನ್ನ ತೋಳು ಹಿಡಿದು, “ಗೆರೆ ಇದ್ರೆ ನೀನೇ ಹೇಳು, ಅವರ ಬಾಯಲ್ಲಿ ಬೇಡ” ಎಂದ. ಅಂಥ ಮಾತು ಅವನ ಬಾಯಲ್ಲಿ ನಾನು ಕೇಳಿರಲಿಲ್ಲ. ಅವನು ಒಳಗಿರುವಷ್ಟು ಹೊತ್ತು ಕಾಲು ನಿಲ್ಲದೆ ಓಡಾಡಿದ್ದು ನಾವಿಬ್ಬರು.

ಗೆರೆ ಇರಲಿಲ್ಲ. ಗಡ್ಡೆ ಇರಲಿಲ್ಲ. ಕಣ್ಣು ನೆಟ್ಟಗಿತ್ತು. ಡಾಕ್ಟರು, “ಇದು ಮೈಗ್ರೇನ್. ಅರೆತಲೆನೋವು” ಎಂದಾಗ ಅವನಿಗೆ ಸಮಾಧಾನದ ಬದಲು ಸಿಟ್ಟು ಬಂತು.

“ಅದು ಹೆಂಗಸರಿಗೆ ಬರೋದಲ್ವಾ?”

ಗಂಟಲು ಅಡಗಿಸಿಕೊಂಡಿದ್ದ ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. “ಹಂಗಿದ್ರೆ ನನಗೆ ಬರ್ಬೇಕಿತ್ತು ರೀ! ದಿನಾ ನಿಮ್ಮಂಥೋರನ್ನ ಬಸ್ ತುಂಬಾ ತುಂಬ್ಕೊಂಡು ಓಡಾಡೋಳು ನಾನು.”

ಡಾಕ್ಟರು ನಕ್ಕು, ಆಮೇಲೆ ನಗು ಬಿಟ್ಟು ಹೇಳಿದಳು: ದಿನವೂ ನುಂಗುವ ಮಾತ್ರೆಯೇ ಈಗ ನೋವನ್ನು ಹೆರುತ್ತಿದೆ, ಇವತ್ತಿಗೇ ಬಿಡಬೇಕು, ಬಿಟ್ಟ ಮೊದಲ ವಾರಗಳು ನರಕ, ತಡೆದುಕೊಳ್ಳಬೇಕು, ನೋವು ಬರದಂತೆ ತಡೆಯಲು ಒಂದು ಮಾತ್ರೆ, ಬಂದೇಬಿಟ್ಟರೆ ಇನ್ನೊಂದು, ಮಾತು ಮತ್ತೆ ತಪ್ಪಿದರೆ, ಕೈಕಾಲು ಸೋತರೆ, ತಡಮಾಡದೆ ಬರಬೇಕು. “ಮುಖ್ಯ ಮಾತು ಇದು. ಆ ಬೆಳಕು ಶುರುವಾದ ತಕ್ಷಣ ಕೆಲಸ ನಿಲ್ಲಿಸಿ, ಪಕ್ಕದವರಿಗೆ ಹೇಳಿ, ಕೂತ್ಕೋಬೇಕು. ಅದೊಂದು ಮಾಡಿದ್ರೆ ನಿಮ್ಮ ಕೆಲಸ ಬಿಡಬೇಕಾಗಿಲ್ಲ.”

ಮಾತ್ರೆ ಬಿಟ್ಟ ವಾರಗಳನ್ನು ಅವನು ಹೇಗೆ ಕಳೆದನೆಂಬುದು ಅವನ ಮನೆಯ ನೆಲಕ್ಕೆ ಗೊತ್ತು. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಬಚ್ಚಲಿಗೆ, ಒದ್ದೆ ಟವೆಲ್ಲು ಹಣೆಗೆ ಬಿಗಿದುಕೊಂಡು, ಬೋನಿನಲ್ಲಿಟ್ಟ ಪ್ರಾಣಿಯ ಹಾಗೆ ತಿರುಗಿದ. ಹೆಂಡತಿ ಔಷಧದಂಗಡಿಯವನ ಮುಂದೆ ನಿಂತು ತನ್ನ ಪೂರ್ತಿ ಗಂಟಲು ಬಿಚ್ಚಿ, “ಇವರಿಗೆ ಇನ್ನೊಂದು ಮಾತ್ರೆ ಕೊಟ್ರೆ ಬಸ್ಸನ್ನ ಅಂಗಡಿ ಒಳಗೇ ತಂದು ನಿಲ್ಲಿಸ್ತೀನಿ” ಎಂದು ಬಂದಿದ್ದಳು. ಬೀದಿಯೆಲ್ಲ ಕೇಳಿತ್ತು.

ಆದರೆ ಅದಕ್ಕಿಂತ ಅವನಿಗೆ ಕಷ್ಟವಾದದ್ದು ಡಾಕ್ಟರ ಆ ಮುಖ್ಯ ಮಾತು. ತಾನು ಶುರು ಮಾಡಿದ ಬೆಸುಗೆಯನ್ನು ಇನ್ನೊಬ್ಬರ ಕೈಗೆ ಅವನು ಯಾವತ್ತೂ ಕೊಟ್ಟವನಲ್ಲ. ನಡುವೆ ಕೈ ಬದಲಾದರೆ ಆ ಜಾಗ ಮೇಲೆ ಎಷ್ಟು ಉಜ್ಜಿದರೂ ಬಲ್ಲವರ ಕಣ್ಣಿಗೆ ಕಂಡೇ ಕಾಣುತ್ತದೆ. ಒಬ್ಬೊಬ್ಬರ ಕೈಯ ತೂಗು ಬೇರೆ, ಬೆಸುಗೆಯ ಮೇಲೆ ಏಳುವ ಅಲೆ ಬೇರೆ. ಕೆಲಸಕ್ಕೆ ಮರಳಿದ ಮೇಲೆ ಎರಡು ಸಲ ಬೆಳಕು ಬಂದಾಗಲೂ ಅವನು ಹೇಳದೆ ನುಂಗಿಕೊಂಡದ್ದು, ಅವನ ಕಾಲುಗಳ ಚಡಪಡಿಕೆಯಿಂದ ನನಗೆ ತಿಳಿಯಿತು. ಎರಡನೆಯ ಸಲ ನಾನೇ ಸ್ವಿಚ್ಚು ಆರಿಸಿದೆ. ಒಂದು ವಾರ ಮಾತು ಬಿಟ್ಟ.

ಮೂರನೆಯ ಸಲ ದೊಡ್ಡ ಬಾಯ್ಲರಿನ ಮುಖ್ಯ ಸಂದು. ಅರ್ಧ ಮುಗಿದಿತ್ತು. ಗಾಜು ಹಳೆಯ ನಂಬರಿನದು, ಬೆಸುಗೆ ನೀರು ಹರಿದಂತೆ ಬರುತ್ತಿತ್ತು. ಇದ್ದಕ್ಕಿದ್ದಂತೆ ಕಿಡಿ ನಿಂತಿತು. ಅವನು ಮುಖವಾಡ ಎತ್ತಿದ. ರಾಡು ಕಚ್ಚಿಸಿದ ಹೋಲ್ಡರನ್ನು ಮಾತ್ರ ಹಿಡಿದೇ ಇದ್ದ. ನಾನು ಬಾಯಿ ಬಿಡಲಿಲ್ಲ. ನನ್ನ ಬಾಳಿನಲ್ಲಿ ಬಾಯಿ ಕಟ್ಟಿಕೊಂಡ ಗಳಿಗೆಗಳಲ್ಲಿ ಅದು ದೊಡ್ಡದು.

“ಬಂತು ಕಣೋ” ಎಂದ. ಆಮೇಲೆ, ಹಲ್ಲು ಕಚ್ಚಿ, “ಅವನನ್ನ ಕರಿ.”

ಅವನೆಂದರೆ ಪಕ್ಕದ ಸಾಲಿನ ವೆಲ್ಡರು, ಏನಿಲ್ಲಣ್ಣನಿಂದ ದಿನವೂ ಬೈಗುಳ ತಿನ್ನುವವನು. ಅವನು ಬಂದು ಅಳುಕುತ್ತಲೇ ಹೋಲ್ಡರ್ ತೆಗೆದುಕೊಂಡ. ಏನಿಲ್ಲಣ್ಣ ಏಣಿ ಹಿಡಿದು ಇಳಿದು, ಮಾತ್ರೆ ನುಂಗಿ, ನೀರು ಕುಡಿದು, ಕಬ್ಬಿಣದ ಕಪಾಟಿನ ಮರೆಯಲ್ಲಿ ಕಣ್ಣು ಮುಚ್ಚಿ ಕೂತ. ಮೇಲೆ ಇನ್ನೊಬ್ಬನ ಕಿಡಿ ಸಿಡಿಯುವ ಸದ್ದು ಕೇಳಿದಾಗಲೆಲ್ಲ ಅವನ ಬಲಗೈ ತೊಡೆಯ ಮೇಲೆ ಬೆಸುಗೆಯ ಲಯದಲ್ಲಿ ತೂಗುತ್ತಿತ್ತು. ನೋವು ಬಂತು, ಆದರೆ ಹಲ್ಲು ಕಿತ್ತ ಹಾವಿನಂತೆ ಬಂದು ಹೋಯಿತು. ಸಂಜೆ ಅವನು ಮೇಲೆ ಹತ್ತಿ, ತನ್ನ ಕೈ ನಿಂತು ಇನ್ನೊಂದು ಕೈ ಶುರುವಾದ ಜಾಗವನ್ನು ಬೆರಳಿನಿಂದ ಸವರಿ, “ಒರಟು” ಎಂದ. ಎಕ್ಸ್‌ರೇಯಲ್ಲಿ ಸಂದು ಪಾಸಾಯಿತು.

ನೋವು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲವಂತೆ. ತಿಂಗಳಿಗೊಮ್ಮೆ ಬರುತ್ತದೆ, ಅವನು ಇಳಿಯುತ್ತಾನೆ, ಬೈಯುತ್ತಾನೆ, ಮತ್ತೆ ಹತ್ತುತ್ತಾನೆ. ಲೋಕದಲ್ಲಿ ಇಂಥವರು ಬಹಳ ಮಂದಿ. ಕೈಯಲ್ಲಿ ಕೆಲಸವಿರುವಷ್ಟು ದಿನ ತಮಗೊಂದು ದೇಹವಿದೆಯೆಂಬುದನ್ನು ಮರೆತೇ ಬಾಳುವವರು. ದೇಹ ಕೂಗಿದರೆ ಅದನ್ನು ಹಟಮಾರಿ ಆಳಿನ ಹಾಗೆ ಗದರಿಸಿ ಸುಮ್ಮನಿರಿಸುವವರು. ಅವರ ಗಟ್ಟಿತನವನ್ನು ನಾವು ಹೊಗಳುತ್ತೇವೆ, ಆ ಹೊಗಳಿಕೆಯನ್ನೇ ಅವರು ಮಾತ್ರೆಯಂತೆ ನುಂಗಿ ಇನ್ನಷ್ಟು ದಿನ ತಡೆದುಕೊಳ್ಳುತ್ತಾರೆ. ಇಂಥವರಿಗೆ ನೋವು ಸಹಿಸುವುದು ಏನೇನೂ ಕಷ್ಟವಲ್ಲ, ಹುಟ್ಟಿನಿಂದ ಬಂದ ವಿದ್ಯೆ ಅದು. ನೋವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಿ, ತನ್ನ ಕೆಲಸವನ್ನು ಅರ್ಧಕ್ಕೆ ಇನ್ನೊಬ್ಬನ ಕೈಗಿಟ್ಟು, ಅವನು ಅದನ್ನು ಒರಟಾಗಿ ಮುಗಿಸುವುದನ್ನು ಕೆಳಗೆ ಕೂತು ಕೇಳಿಸಿಕೊಳ್ಳುವುದಿದೆಯಲ್ಲ, ಆ ವಿದ್ಯೆಯನ್ನು ಅವರು ಮುದುಕರಾಗುವ ಹೊತ್ತಿಗೆ, ಅಕ್ಷರ ಕಲಿಯುವ ಮಕ್ಕಳ ಹಾಗೆ ತಡವರಿಸುತ್ತ, ಮೊದಲಿನಿಂದ ಕಲಿಯಬೇಕಾಗುತ್ತದೆ.