ತೋಳು ಗಿಡ್ಡವಾದ ಸ್ವೆಟರ್

“ಎಲ್ಲಾನೂ ಒಗೆದ್ಬಿಟ್ರಾ ಅತ್ತೆ?”

ಹಿತ್ತಲ ತಂತಿಯ ಮೇಲೆ ಅಪ್ಪನ ಅಂಗಿ, ಟವೆಲು, ಹೊದಿಕೆ ಎಲ್ಲದರಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ನಾಲ್ಕು ಜನ ಬರುವ ಮನೆಯಲ್ಲಿ ಕೊಳೆ ಬಟ್ಟೆ ಬಿದ್ದಿರಬಾರದೆಂದು ಸೋದರತ್ತೆ ಬೆಳಿಗ್ಗೆಯೇ ಟೊಂಕ ಕಟ್ಟಿ ಒಗೆದಿದ್ದರು. ಉಪಕಾರವೇನೋ ಹೌದು. ಆದರೆ ಮಗಳ ಕಂಕುಳಲ್ಲಿದ್ದ ಕೂಸು ಅಜ್ಜನ ವಾಸನೆಯಿಲ್ಲದೆ ಕಣ್ಣು ಮುಚ್ಚುವುದಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ನಿನ್ನೆ ರಾತ್ರಿ ಅಜ್ಜ ತೀರಿಕೊಂಡಾಗಿನಿಂದ ಅತ್ತು ಅತ್ತು ಅದರ ದನಿ ಬಿದ್ದುಹೋಗಿತ್ತು.

ನಡುಮನೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಎದೆಯ ಮೇಲೆ ಆ ಹಳೆಯ ನೀಲಿ ಸ್ವೆಟರ್. ಮೈ ತಣ್ಣಗಿದೆಯೆಂದು ಮಗಳೇ ಹೊದಿಸಿದ್ದಳು. ಒಗೆಯದೆ ಉಳಿದದ್ದು ಅದೊಂದೇ.

ಬಟ್ಟೆ ಕಾರ್ಖಾನೆಯಲ್ಲಿ ಅವಳು ಮೇಲ್ವಿಚಾರಕಿಯಾಗಿ ಇನ್ನೂ ತಿಂಗಳು ತುಂಬಿಲ್ಲ. ರಜೆ ಇವತ್ತೊಂದೇ ದಿನ. ಅಲ್ಲಿನ ಶಿಶುವಿಹಾರಕ್ಕೆ ನಡೆದಾಡುವ ಮಕ್ಕಳೇ ಬೇಕಂತೆ. ನಾಳೆ ಮಗು ಯಾರ ಕೈಯಲ್ಲಿ ಎಂಬುದೇ ಅವಳ ತಲೆ ತುಂಬಿತ್ತು. ಅಪ್ಪನನ್ನು ಕಳಿಸಿಕೊಡುವ ದಿನವೂ ಇದೇ ಯೋಚನೆಯಲ್ಲಾ ಎಂದು ತನ್ನ ಮೇಲೇ ಹೇಸಿಗೆಯಾಯಿತು.

“ಇನ್ನು ನೀನು ಮನೇಲೇ ಇರ್ಬೇಕಾಗುತ್ತೆ ಕಣೇ,” ಎಂದರು ಅತ್ತೆ, ಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವಷ್ಟು ಸಲೀಸಾಗಿ.

ಕೂತವರೆಲ್ಲ ತಲೆಯಾಡಿಸಿದರು. ಗಂಡ ಅಂಗಡಿಗಳ ಬೋರ್ಡು ಬರೆಯುವವನು, ಮನೆ ಮುಂದಿನ ಶೆಡ್ಡಿನಲ್ಲೇ ಅವನ ಕೆಲಸ. ಅವನು ನೋಡಿಕೊಳ್ಳಬಹುದೆಂಬ ಮಾತನ್ನು ಯಾರೂ ಎತ್ತಲಿಲ್ಲ. ಅವನು ಬೆರಳಿಗೆ ಮೆತ್ತಿದ ಬಣ್ಣ ಕೆರೆಯುತ್ತ ಕೂತಿದ್ದ.

*

ಅಪ್ಪ ಒಂದು ಕಾಲಕ್ಕೆ ಬಸ್ ಡ್ರೈವರ್. ಅಮ್ಮನಿಗೆ ನರ್ಸ್ ಕೆಲಸ ಸಿಕ್ಕಾಗ ಆಗಿನ್ನೂ ಕೂಸಾಗಿದ್ದ ಮಗಳನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಅಪ್ಪನೇ ಸ್ಟೇರಿಂಗ್ ಬಿಟ್ಟು ತೊಟ್ಟಿಲು ಹಿಡಿದರು. ಅಮ್ಮನ ವಾಸನೆಯಿಲ್ಲದೆ ಮಗಳು ಮಲಗಳು. ಅದಕ್ಕೆ ಅಮ್ಮನ ಸ್ವೆಟರನ್ನೇ ಏರಿಸಿಕೊಂಡು, ಬೆನ್ನು ತಟ್ಟುತ್ತ ಓಣಿಯಲ್ಲಿ ಅಡ್ಡಾಡುತ್ತಿದ್ದರು. ತೋಳು ಮೊಣಕೈ ದಾಟಿ ಸ್ವಲ್ಪದರಲ್ಲೇ ನಿಂತುಬಿಡುತ್ತಿತ್ತು. ಹಳೆಯ ಜೊತೆಗಾರರು ‘ತೊಟ್ಟಿಲು ಡ್ರೈವರ್’ ಎಂದು ಹೆಸರಿಟ್ಟು ಹಲ್ಲು ಕಿರಿದರು.

“ನಗ್ರಪ್ಪಾ ನಗ್ರಿ,” ಅನ್ನುತ್ತಿದ್ದರಂತೆ ಅಪ್ಪ. “ನಿಮ್ ಗಾಡಿಗೆ ಬ್ರೇಕಾದ್ರೂ ಇದೆ. ಇದು ಅಳೋಕ್ ಶುರು ಮಾಡಿದ್ರೆ ನಿಲ್ಲೋದೇ ಇಲ್ಲ.”

ಆದರೂ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಅವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದುದನ್ನು ಮಗಳು ನೋಡಿದ್ದಳು. ಅಮ್ಮ ತೀರಿಕೊಂಡ ಮೇಲೂ ಸ್ವೆಟರ್ ಬಿಡಲಿಲ್ಲ. ಮೊಮ್ಮಗು ಬಂದಾಗ ಮತ್ತೆ ಅದನ್ನೇ ಏರಿಸಿಕೊಂಡರು.

*

ಹೊತ್ತಾಯಿತು, ಎತ್ತೋಣ ಎಂದು ಹೊರಗಿನಿಂದ ಅಪ್ಪನ ಬಸ್ಸಿನ ಹಳೆಯ ಕಂಡಕ್ಟರ್ ಕೂಗಿದರು. ಮಗು ಮತ್ತೆ ಕಿರುಚತೊಡಗಿತು. ಮಗಳು ಸ್ವೆಟರಿನತ್ತ ಕೈ ಚಾಚಿ, ಹಿಂದಕ್ಕೆಳೆದುಕೊಂಡಳು. ಅಪ್ಪನ ಮೈಮೇಲಿಂದ ಹೇಗೆ ಕಿತ್ತುಕೊಳ್ಳುವುದು?

ಗಂಡ ಬಂದ. ಒಂದು ಗಳಿಗೆ ಮಾವನ ಮುಖ ನೋಡಿ, ಸ್ವೆಟರ್ ಎತ್ತಿ ತೊಟ್ಟುಕೊಂಡ.

“ಸತ್ತೋರ ಮೈಮೇಲಿಂದು ಕಣಪ್ಪಾ ಅದು,” ಎಂದರು ಅತ್ತೆ.

ಅವನು ಮಗುವನ್ನು ಎತ್ತಿಕೊಂಡ. ಬಣ್ಣ ಮೆತ್ತಿದ ಬೆರಳುಗಳಿಂದ ಅದರ ಬೆನ್ನು ತಟ್ಟಿದ. ಲಯ ತಪ್ಪಿತು, ಮತ್ತೆ ತಟ್ಟಿದ. ಮಗು ಉಣ್ಣೆಗೆ ಮೂಗು ಒತ್ತಿ, ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು.

ಕಂಡಕ್ಟರ್ ಒಳಗೆ ಇಣುಕಿದರು. “ಹೆಗಲು ಕೊಡೋಕೆ ಒಬ್ರು ಕಮ್ಮಿ. ಅಳಿಯಂದ್ರು ಬರ್ಬೇಕು.”

“ಈಗ್ತಾನೇ ಮಲಗಿದೆ,” ಎಂದು ಪಿಸುಗುಟ್ಟಿದ ಅವನು, ಹೆಂಡತಿಯ ಕಡೆ ತಿರುಗಿದ. “ನೀನು ಹೋಗು. ನಾಳೆ ಕೆಲಸಕ್ಕೂ ಹೋಗು. ನಾನಿರ್ತೀನಿ.”

ಅವಳು ಕೂದಲು ಬಿಗಿದು ಕಟ್ಟಿಕೊಂಡು ಅಪ್ಪನಿಗೆ ಹೆಗಲು ಕೊಟ್ಟಳು. ಅತ್ತೆ ಬಾಗಿಲಿಂದ ಸರಿದು ದಾರಿ ಬಿಟ್ಟರು.

ಓಣಿಯ ತಿರುವಿನಲ್ಲಿ ಅವಳು ಒಮ್ಮೆ ಹಿಂದೆ ನೋಡಿದಳು. ಗಿಡ್ಡ ತೋಳಿನ ನೀಲಿ ಸ್ವೆಟರಿನಲ್ಲಿ ಗಂಡ ಬಾಗಿಲಲ್ಲಿ ನಿಂತು ಇನ್ನೂ ತಟ್ಟುತ್ತಲೇ ಇದ್ದ. ದೊಡ್ಡ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯಿತು. ಅವನು ಅಂಗೈಯಿಂದ ಮಗುವಿನ ಕಿವಿ ಮುಚ್ಚಿದ.